ಸ್ಯಾಡಲ್ ಪ್ಯಾಡ್ ಆರಿಸುವ ಮುನ್ನ ಕುದುರೆಯ ಬೆನ್ನನ್ನು ನೋಡೋಣ

ನಮಸ್ಕಾರ. ಈ ವ್ಲಾಗ್‌ನಲ್ಲಿ ನಾನು ಮಾತನಾಡಲಿರುವುದು ಸ್ಯಾಡಲ್ ಪ್ಯಾಡ್ ಕುರಿತು, ಅಂದರೆ ಕುದುರೆಯ ಬೆನ್ನಿಗೂ ಜೀನಿಗೂ ನಡುವೆ ನಾವು ಹಾಸುವ ಮೆತ್ತೆಯ ಕುರಿತು. ಜೀನನ್ನು ಕೊಳ್ಳುವ ಮುನ್ನ ಹತ್ತು ಜನರನ್ನು ವಿಚಾರಿಸುವ ಸವಾರರು ಕೂಡ ಪ್ಯಾಡ್ ವಿಷಯಕ್ಕೆ ಬಂದಾಗ ಬಣ್ಣ ಚೆನ್ನಾಗಿದೆಯೇ, ಕೈಗೆ ಮೆತ್ತಗಿದೆಯೇ ಎಂದಷ್ಟೇ ನೋಡಿ ತೆಗೆದುಕೊಂಡುಬಿಡುತ್ತಾರೆ. ಕುದುರೆಯ ಮೈಗೆ ನೇರವಾಗಿ ತಾಗುವುದು ಈ ಪ್ಯಾಡೇ ಆಗಿರುವುದರಿಂದ, ಸವಾರಿ ಮುಗಿಯುವವರೆಗೂ ನಮ್ಮ ಭಾರವೆಲ್ಲ ಇದರ ಮೂಲಕವೇ ಅದರ ಬೆನ್ನಿಗೆ ಇಳಿಯುವುದರಿಂದ, ಇದಕ್ಕೆ ಇನ್ನಷ್ಟು ಗಮನ ಸಲ್ಲಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ಯಾಡ್‌ನಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳೋಣ. ಅದು ಬೆವರನ್ನು ಹೀರಿಕೊಂಡು ಜೀನಿನ ಚರ್ಮವನ್ನು ಕಾಪಾಡುತ್ತದೆ, ಜೀನಿಗೂ ಕೂದಲಿಗೂ ನಡುವಿನ ಉಜ್ಜಾಟವನ್ನು ತಗ್ಗಿಸುತ್ತದೆ, ಸಣ್ಣಪುಟ್ಟ ಅದುರುಗಳನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಕುದುರೆಗೆ ಹೊಂದದ ಜೀನನ್ನು ಹೊಂದುವಂತೆ ಮಾಡುವ ಶಕ್ತಿ ಮಾತ್ರ ಅದಕ್ಕಿಲ್ಲ. ಜೀನಿನ ಒಳಗಿನ ಚೌಕಟ್ಟು, ಸವಾರರು ಟ್ರೀ ಎನ್ನುವ ಭಾಗ, ಆ ಕುದುರೆಗೆ ಈಗಾಗಲೇ ಇಕ್ಕಟ್ಟಾಗಿದ್ದರೆ, ಕೆಳಗೆ ಸೇರಿಸಿದ ದಪ್ಪ ಪ್ಯಾಡ್ ಉಳಿದಿದ್ದ ಅಲ್ಪ ಜಾಗವನ್ನೂ ತುಂಬಿಕೊಳ್ಳುತ್ತದೆ ಮತ್ತು ಹೆಗಲ ಇಕ್ಕೆಲದ ಸ್ನಾಯುಗಳ ಮೇಲಿನ ಒತ್ತಡ ಮೊದಲಿಗಿಂತ ಹೆಚ್ಚಾಗುತ್ತದೆ. ಜೀನು ಕಟ್ಟುವಾಗ ಕುದುರೆ ಕಿವಿಗಳನ್ನು ಹಿಂದಕ್ಕೆ ಒತ್ತಿ ಕಚ್ಚಲು ತಿರುಗಿದರೆ, ‘ಪಾಪ, ಇನ್ನೊಂದು ಮೆತ್ತೆ ಹಾಕೋಣ’ ಎಂದು ಪ್ರೀತಿಯಿಂದಲೇ ನಿರ್ಧರಿಸುವವರಿದ್ದಾರೆ. ಆ ಪ್ರೀತಿಯೇ ಕುದುರೆಯ ನೋವನ್ನು ಹೆಚ್ಚಿಸುತ್ತದೆ ಎಂಬ ಕಾರಣಕ್ಕೆ ಈ ಮಾತನ್ನು ಆರಂಭದಲ್ಲೇ ಹೇಳುತ್ತಿದ್ದೇನೆ.

ಈಗ ಪರದೆಯ ಮೇಲೆ ನೀವು ನೋಡುತ್ತಿರುವ ದೃಶ್ಯದಲ್ಲಿ ಪ್ಯಾಡ್ ಇಲ್ಲದೆ ಬರಿ ಬೆನ್ನಿನ ಮೇಲೆ ಜೀನನ್ನು ಇರಿಸಲಾಗಿದೆ. ಕುತ್ತಿಗೆ ಮುಗಿದು ಬೆನ್ನು ಆರಂಭವಾಗುವಲ್ಲಿ ಎದ್ದು ಕಾಣುವ ಎಲುಬಿನ ಉಬ್ಬಿಗೆ ವಿದರ್ಸ್ ಎನ್ನುತ್ತಾರೆ. ಅದರ ಮೇಲ್ಗಡೆ ಎರಡು ಮೂರು ಬೆರಳುಗಳು ಹಿಡಿಸುವಷ್ಟು ಜಾಗ ಇರಬೇಕು, ಪಕ್ಕಗಳಲ್ಲೂ ಜೀನು ಅದನ್ನು ಹಿಸುಕಬಾರದು. ಹಿಂದಿನಿಂದ ಬಗ್ಗಿ ನೋಡಿದಾಗ, ಜೀನಿನ ಅಡಿಯಲ್ಲಿ ನಡುವೆ ಉದ್ದಕ್ಕೂ ಬಿಟ್ಟಿರುವ ಟೊಳ್ಳಿನ ಮೂಲಕ, ಅಂದರೆ ಗಲೆಟ್ ಮೂಲಕ, ಆ ತುದಿಯ ಬೆಳಕು ಕಾಣಿಸಬೇಕು. ಕುದುರೆಯ ಎದೆಗೂಡಿನ ಭಾಗದಲ್ಲಿ ಸಾಮಾನ್ಯವಾಗಿ 18 ಕಶೇರುಗಳಿರುತ್ತವೆ. ಕೊನೆಯ ಪಕ್ಕೆಲುಬನ್ನು ಬೆರಳಿನಿಂದ ಹುಡುಕಿ, ಅದರ ಬಾಗನ್ನು ಅನುಸರಿಸುತ್ತ ಬೆನ್ನಿನವರೆಗೆ ಹೋದರೆ 18ನೆಯ ಕಶೇರು ಸಿಗುತ್ತದೆ. ಭಾರ ಹೊರುವ ಭಾಗ ಅದನ್ನು ದಾಟಿ ಸೊಂಟದ ಮೇಲೆ ಹೋಗಕೂಡದು. ಇಷ್ಟೂ ಸರಿಯಿದ್ದಾಗ ಮಾತ್ರ ಪ್ಯಾಡ್ ಆರಿಸುವ ಕೆಲಸಕ್ಕೆ ಅರ್ಥವಿದೆ.

ಪ್ಯಾಡ್‌ನಲ್ಲಿ ನಾನು ಮೊಟ್ಟಮೊದಲು ನೋಡುವುದು ಬೆನ್ನುಗೆರೆಯ ಉದ್ದಕ್ಕೂ ಅದನ್ನು ಹೇಗೆ ಕತ್ತರಿಸಿ ಹೊಲಿದಿದ್ದಾರೆ ಎಂಬುದನ್ನು. ದಪ್ಪ, ಬಟ್ಟೆ, ಬಣ್ಣ ಎಲ್ಲವೂ ಆಮೇಲೆ. ಇಲ್ಲಿ ಎರಡು ಪ್ಯಾಡ್‌ಗಳನ್ನು ನಡುವೆ ಮಡಚಿ ಮೇಜಿನ ಮೇಲೆ ಅಕ್ಕಪಕ್ಕದಲ್ಲಿ ಇಟ್ಟಿದ್ದೇನೆ. ಒಂದರ ಮಡಿಕೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೇರವಾಗಿದೆ. ಇನ್ನೊಂದರ ಮಡಿಕೆ ಮುಂದೆ ಮೇಲೇರಿ, ನಡುವೆ ತಗ್ಗಿ, ಹಿಂದೆ ಮತ್ತೆ ಸ್ವಲ್ಪ ಏರುತ್ತದೆ. ಹೆಚ್ಚಿನ ಕುದುರೆಗಳ ಬೆನ್ನು ಇರುವುದು ಈ ಎರಡನೆಯ ರೀತಿಯಲ್ಲಿ. ನೇರವಾಗಿ ಹೊಲಿದ ಪ್ಯಾಡ್ ಮೇಲೆ ಜೀನಿಟ್ಟು ಗರ್ತ್ ಪಟ್ಟಿಯನ್ನು, ಅಂದರೆ ಹೊಟ್ಟೆಯ ಕೆಳಗಿನಿಂದ ಜೀನನ್ನು ಕಟ್ಟುವ ಪಟ್ಟಿಯನ್ನು, ಬಿಗಿದಾಗ ಬಟ್ಟೆ ಕೆಳಕ್ಕೆ ಎಳೆದು ವಿದರ್ಸ್ ಮೇಲೆ ಬಿಗಿಯಾಗಿ ಕೂರುತ್ತದೆ. ಅಲ್ಲಿ ಚರ್ಮದ ಕೆಳಗೆ ಮಾಂಸ ಬಹಳ ಕಡಿಮೆ; ಕಶೇರುಗಳ ಮೇಲ್ತುದಿಗಳು ಕೈಗೆ ಸಿಗುವಷ್ಟು ಹತ್ತಿರದಲ್ಲಿರುತ್ತವೆ. ಹಾಗಾಗಿ ಬರಿ ಬಟ್ಟೆಯ ಬಿಗಿತವೇ ಒಂದು ಗಂಟೆಯಲ್ಲಿ ಕೂದಲನ್ನು ಸವೆಸಿ ಚರ್ಮವನ್ನು ಕೆಂಪಾಗಿಸಬಲ್ಲದು. ಕೆಲವು ಕುದುರೆಗಳ ವಿದರ್ಸ್ ಪಕ್ಕದಲ್ಲಿ ಕಾಣುವ ಬಿಳಿ ಕೂದಲಿನ ಚುಕ್ಕೆಗಳು ಹುಟ್ಟಿನಿಂದ ಬಂದವಲ್ಲ. ಒತ್ತಡದಿಂದ ಕೂದಲಿಗೆ ಬಣ್ಣ ಕೊಡುವ ಜೀವಕೋಶಗಳು ಹಾಳಾದಾಗ ಆ ಜಾಗದಲ್ಲಿ ಬಿಳಿ ಕೂದಲು ಬೆಳೆಯುತ್ತದೆ.

ಇದನ್ನು ಪರೀಕ್ಷಿಸುವ ಬಗೆಯನ್ನು ನಿಧಾನವಾಗಿ ತೋರಿಸುತ್ತೇನೆ. ಪ್ಯಾಡನ್ನು ಅದು ಕೊನೆಗೆ ಇರಬೇಕಾದ ಜಾಗಕ್ಕಿಂತ ತುಸು ಮುಂದೆ ಇಟ್ಟು, ಕೂದಲು ಮಲಗುವ ದಿಕ್ಕಿನಲ್ಲೇ ಹಿಂದಕ್ಕೆ ಜಾರಿಸಬೇಕು. ಹಿಂದಿನಿಂದ ಮುಂದಕ್ಕೆ ಎಳೆದರೆ ಅಡಿಯಲ್ಲಿ ಕೂದಲು ತಿರುಚಿಕೊಳ್ಳುತ್ತದೆ. ಜೀನಿಟ್ಟ ಮೇಲೆ, ಗರ್ತ್ ಬಿಗಿಯುವ ಮುನ್ನ, ಪ್ಯಾಡ್‌ನ ಮುಂಭಾಗವನ್ನು ಬೆರಳಿನಿಂದ ಗಲೆಟ್‌ನೊಳಕ್ಕೆ ಎತ್ತಿ, ಬಟ್ಟೆಗೂ ಬೆನ್ನಿಗೂ ನಡುವೆ ಗಾಳಿಯಾಡುವಂತೆ ಮಾಡಬೇಕು. ಆಮೇಲೆ ಹತ್ತಿ, ನಡಿಗೆ ಮತ್ತು ಟ್ರಾಟ್‌ನಲ್ಲಿ, ಅಂದರೆ ನಿಧಾನದ ಓಟದಲ್ಲಿ, ಕೆಲವು ನಿಮಿಷ ಸುತ್ತಿ, ಇಳಿದು, ಅದೇ ಜಾಗದಲ್ಲಿ ಎರಡು ಬೆರಳುಗಳನ್ನು ತೂರಿಸಿ ನೋಡಿ. ಒಳ್ಳೆಯ ಆಕಾರದ ಪ್ಯಾಡ್‌ನಲ್ಲಿ ಬೆರಳುಗಳು ಸಲೀಸಾಗಿ ಹೋಗುತ್ತವೆ. ನೇರವಾದದ್ದು ಆ ವೇಳೆಗೆ ಇಳಿದು ಅಂಟಿಕೊಂಡಿರುತ್ತದೆ, ಬೆರಳಿನ ತುದಿಯೂ ಹಿಡಿಸುವುದಿಲ್ಲ. ಹೊಸ ಪ್ಯಾಡನ್ನು ಈ ಒಂದು ಪರೀಕ್ಷೆಗೆ ಒಳಪಡಿಸಿದರೆ ಅರ್ಧ ನಿರ್ಧಾರ ಆದಂತೆಯೇ. ಬೆನ್ನುಗೆರೆಯ ಹೊಲಿಗೆಯ ಗಂಟು ಒಳಮುಖವಾಗಿ ಉಬ್ಬಿದೆಯೇ ಎಂಬುದನ್ನೂ ಆಗಲೇ ಸವರಿ ನೋಡಬೇಕು.

ಅಳತೆಯ ವಿಷಯ ಚಿಕ್ಕದು. ಪ್ಯಾಡ್ ಜೀನಿನ ಸುತ್ತಲೂ ಒಂದೆರಡು ಅಂಗುಲ ಹೊರಗೆ ಕಾಣುವಷ್ಟು ದೊಡ್ಡದಾಗಿರಬೇಕು. ಅದರ ದಪ್ಪ ಅಂಚು ಜೀನಿನ ಅಡಿಯಲ್ಲೇ ಮುಗಿದರೆ ಅಲ್ಲೊಂದು ಏಣು ಉಂಟಾಗಿ, ಸವಾರನ ಭಾರ ಆ ಗೆರೆಯ ಮೇಲೆ ಬೀಳುತ್ತದೆ. ಶಿಸ್ತಿನ ನಡೆಗಳ ಸವಾರಿಗೆ ಬಳಸುವ ಡ್ರೆಸಾಜ್ ಜೀನಿನ ಪಕ್ಕಗಳು ನೇರವಾಗಿ ಕೆಳಗಿಳಿಯುತ್ತವೆ, ಜಂಪಿಂಗ್ ಜೀನಿನವು ಮುಂದಕ್ಕೆ ಚಾಚಿರುತ್ತವೆ, ಅಮೆರಿಕದ ದನಗಾಹಿಗಳ ಶೈಲಿಯ ವೆಸ್ಟರ್ನ್ ಜೀನು ಇವೆರಡಕ್ಕಿಂತ ಅಗಲವಾದ ಜಾಗವನ್ನು ಮುಚ್ಚುತ್ತದೆ. ಆದ್ದರಿಂದ ಒಂದಕ್ಕೆ ಹೊಲಿದದ್ದು ಇನ್ನೊಂದಕ್ಕೆ ಸರಿಹೋಗುವುದಿಲ್ಲ.

ಇನ್ನು ಯಾವ ವಸ್ತುವಿನಿಂದ ಮಾಡಿದ ಪ್ಯಾಡ್ ಒಳ್ಳೆಯದು ಎಂಬ ಪ್ರಶ್ನೆ. ಇದಕ್ಕೆ ಉತ್ತರಿಸುವ ಮುನ್ನ ಕುದುರೆಯ ಬೆವರಿನ ಬಗ್ಗೆ ಒಂದು ಮಾತು ಹೇಳಬೇಕು. ಉಜ್ಜಿದ ಕಡೆಯಲ್ಲೆಲ್ಲ ಕುದುರೆಯ ಬೆವರು ಬಿಳಿ ನೊರೆಯಾಗುವುದನ್ನು ನೀವು ಕಂಡಿರುತ್ತೀರಿ. ಅದರಲ್ಲಿರುವ ಲ್ಯಾದರಿನ್ ಎಂಬ ಪ್ರೋಟೀನ್ ಇದಕ್ಕೆ ಕಾರಣ. ಜಿಡ್ಡಿನ ಕೂದಲಿನ ಮೇಲೆ ಬೆವರು ಹನಿಗಟ್ಟಿ ಉರುಳದೆ ತೆಳುವಾಗಿ ಹರಡಿ ಬೇಗ ಆವಿಯಾಗುವಂತೆ ಅದು ಮಾಡುತ್ತದೆ. ಕುದುರೆ ತನ್ನ ಮೈಯನ್ನು ತಣಿಸಿಕೊಳ್ಳುವುದು ಮುಖ್ಯವಾಗಿ ಈ ಬೆವರಿನಿಂದಲೇ. ಇಷ್ಟು ಚೆನ್ನಾಗಿ ಕೆಲಸ ಮಾಡುವ ವ್ಯವಸ್ಥೆಯ ಮೇಲೆ ನಾವು ಒಂದು ಮುಚ್ಚಳ ಹಾಕುತ್ತಿದ್ದೇವೆ ಎಂಬ ಅರಿವು ಪ್ಯಾಡ್ ಕೊಳ್ಳುವವರಿಗೆ ಇರಬೇಕು.

ಈ ದೃಷ್ಟಿಯಿಂದ ನೋಡಿದರೆ ಉಣ್ಣೆಯೇ ನನ್ನ ಮೊದಲ ಆಯ್ಕೆ. ಉಣ್ಣೆಯ ಎಳೆಯ ಹೊರಮೈ ನೀರನ್ನು ತಳ್ಳುತ್ತದೆ, ಒಳಭಾಗ ತೇವದ ಆವಿಯನ್ನು ಹೀರುತ್ತದೆ. ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವವನ್ನು ಹಿಡಿದಿಟ್ಟುಕೊಂಡ ಮೇಲೂ ಅದು ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಒತ್ತಿ ಮಾಡಿದ ಉಣ್ಣೆಯ ಫೆಲ್ಟ್ ಭಾರವನ್ನು ತಕ್ಕಮಟ್ಟಿಗೆ ಹರಡುತ್ತದೆ, ಬಳಸಿದಂತೆ ಕುದುರೆಯ ಬೆನ್ನಿನ ಆಕಾರಕ್ಕೆ ಹೊಂದಿಕೊಳ್ಳುತ್ತದೆ. ಸೈಬೀರಿಯದ ಅಲ್ತಾಯ್ ಪರ್ವತಗಳಲ್ಲಿ, ಕ್ರಿಸ್ತಪೂರ್ವ 5ರಿಂದ 3ನೆಯ ಶತಮಾನದ ನಡುವಿನ ಪಾಜಿರಿಕ್ ಸಮಾಧಿಗಳ ಮಂಜುಗಡ್ಡೆಯಲ್ಲಿ ಕುದುರೆಗಳ ಜೊತೆಗೇ ಫೆಲ್ಟ್‌ನ ಜೀನು ಹೊದಿಕೆಗಳೂ ಕೆಡದೆ ಉಳಿದು ಸಿಕ್ಕಿವೆ. 1859ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡ ಮೆಕ್ಲೆಲನ್ ಜೀನಿನ ಕೆಳಗೂ ಮಡಚಿದ ಉಣ್ಣೆಯ ಕಂಬಳಿಯನ್ನೇ ಹಾಸುತ್ತಿದ್ದರು. ಮಡಿಕೆ ಬದಲಿಸಿದರೆ ಒಣಗಿದ, ಶುಭ್ರವಾದ ಭಾಗ ಬೆನ್ನಿಗೆ ಬರುತ್ತಿತ್ತು ಎಂಬುದು ಕಂಬಳಿಯ ದೊಡ್ಡ ಅನುಕೂಲ. ತುಪ್ಪಳವಿರುವ ಕುರಿಯ ಚರ್ಮದ ಪ್ಯಾಡ್‌ಗಳೂ ಉತ್ತಮವಾದವೇ. ಆದರೆ ‘ಶೀಪ್‌ಸ್ಕಿನ್’ ಎಂಬ ಹೆಸರಿನಲ್ಲಿ ಪಾಲಿಯೆಸ್ಟರ್ ತುಪ್ಪಳ ಮಾರಾಟವಾಗುವುದುಂಟು, ಆದ್ದರಿಂದ ತುಪ್ಪಳವನ್ನು ಬಿಡಿಸಿ ಬುಡದಲ್ಲಿ ಚರ್ಮವಿದೆಯೇ ನೇಯ್ದ ಬಟ್ಟೆಯಿದೆಯೇ ಎಂದು ಕಣ್ಣಾರೆ ನೋಡಬೇಕು.

ಹತ್ತಿಯ ಕ್ವಿಲ್ಟ್ ಪ್ಯಾಡ್ ದಿನನಿತ್ಯದ ಬಳಕೆಗೆ ಯೋಗ್ಯವಾದದ್ದು. ತೊಳೆಯಲು ಸುಲಭ, ಬೇಗ ಹೀರುತ್ತದೆ. ನೆನೆದ ಮೇಲೆ ಬೇಗ ಒಣಗುವುದಿಲ್ಲ ಎಂಬುದೊಂದೇ ಕೊರತೆ, ಹಾಗಾಗಿ ದೀರ್ಘ ಸವಾರಿಗೆ ಅದು ಅಷ್ಟಾಗಿ ಒದಗುವುದಿಲ್ಲ. ನಿಯೋಪ್ರೀನ್ ಜಾರುವುದಿಲ್ಲ ಎಂದು ಅನೇಕರು ಮೆಚ್ಚುತ್ತಾರೆ. ನನಗೆ ಅದರ ಬಗ್ಗೆ ಒಲವಿಲ್ಲ, ಏಕೆಂದರೆ ಗಾಳಿಯಾಡದ ಆ ರಬ್ಬರು ಬಿಸಿಯನ್ನು ಒಳಗೇ ಕೂಡಿಡುತ್ತದೆ, ಮತ್ತು ಕೂದಲನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದರಿಂದ ಜೀನು ಅಲುಗಿದಾಗಲೆಲ್ಲ ಚರ್ಮವೇ ಎಳೆಯುತ್ತದೆ. ಜೆಲ್ ಪ್ಯಾಡ್‌ಗಳು ಕೈಗೆ ತಂಪಾಗಿ, ಆಕರ್ಷಕವಾಗಿ ಕಂಡರೂ ಭಾರವಾಗಿರುತ್ತವೆ, ಬೆವರನ್ನು ಹೀರುವುದಿಲ್ಲ. ಫೋಮ್ ಇರುವ ಪ್ಯಾಡನ್ನು ಮೇಜಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ನೋಡಿ; ಅಡಿಯಲ್ಲಿರುವ ಮರದ ಗಡಸುತನ ಬೆರಳಿಗೆ ತಾಗಿದರೆ, ಸವಾರನ ಭಾರ ಬಿದ್ದಾಗ ಆ ಫೋಮ್ ಇದ್ದೂ ಇಲ್ಲದಂತೆಯೇ.

ದಪ್ಪದ ಬಗ್ಗೆ ನನ್ನ ನಿಲುವು ಸರಳವಾಗಿದೆ: ಹೊಂದುವ ಜೀನಿಗೆ ತೆಳುವಾದ ಪ್ಯಾಡ್ ಸಾಕು. ದಪ್ಪ ಹೆಚ್ಚಿದಷ್ಟೂ ಜೀನು ಬೆನ್ನಿನಿಂದ ಮೇಲೆದ್ದು ಅಕ್ಕಪಕ್ಕಕ್ಕೆ ವಾಲುತ್ತದೆ, ಅದನ್ನು ತಡೆಯಲು ಗರ್ತ್ ಇನ್ನಷ್ಟು ಬಿಗಿಯಬೇಕಾಗುತ್ತದೆ, ಸವಾರನ ಕಾಲಿನ ಸೂಚನೆಯೂ ಕುದುರೆಗೆ ಮಸುಕಾಗಿ ತಲುಪುತ್ತದೆ. ವೆಸ್ಟರ್ನ್ ಜೀನಿನ ವಿಷಯ ಬೇರೆ. ಅದರ ಅಡಿಯಲ್ಲಿ ತುಂಬಿದ ಮೆತ್ತೆಗಳಿಲ್ಲದಿರುವುದರಿಂದ ಮುಕ್ಕಾಲು ಅಂಗುಲದಿಂದ ಒಂದು ಅಂಗುಲದವರೆಗಿನ ಫೆಲ್ಟ್ ಅಲ್ಲಿ ರೂಢಿಯಲ್ಲಿದೆ, ಮತ್ತು ಆ ದಪ್ಪವನ್ನು ಲೆಕ್ಕದಲ್ಲಿಟ್ಟುಕೊಂಡೇ ಜೀನಿನ ಅಗಲವನ್ನು ಆರಿಸಲಾಗುತ್ತದೆ. ಕಾಯಿಲೆಯಿಂದಲೋ ಬಹುಕಾಲದ ವಿಶ್ರಾಂತಿಯಿಂದಲೋ ಬೆನ್ನಿನ ಸ್ನಾಯು ಇಳಿದು ಜೀನು ಸಡಿಲವಾದಾಗ, ಜೇಬುಗಳಲ್ಲಿ ತೆಳುವಾದ ಶಿಮ್ ಹಾಳೆಗಳನ್ನು ಸೇರಿಸಬಹುದಾದ ಹಾಫ್ ಪ್ಯಾಡ್, ಅಂದರೆ ಜೀನಿನ ಕೂರುವ ಭಾಗದ ಅಡಿಗೆ ಮಾತ್ರ ಬರುವ ಚಿಕ್ಕ ಪ್ಯಾಡ್, ನಿಜಕ್ಕೂ ನೆರವಾಗುತ್ತದೆ. ಸ್ನಾಯು ಮರಳಿ ಬೆಳೆದಂತೆ ಆ ಹಾಳೆಗಳನ್ನು ಒಂದೊಂದಾಗಿ ತೆಗೆಯಬೇಕು, ಈ ಹೊಂದಾಣಿಕೆಯನ್ನು ಜೀನು ಹೊಂದಿಸಬಲ್ಲವರ ಕಣ್ಣೆದುರಿಗೇ ಮಾಡುವುದು ಒಳಿತು.

ಪ್ಯಾಡ್ ಸರಿಯಾಗಿದೆಯೇ ಎಂಬುದಕ್ಕೆ ಕೊನೆಯ ತೀರ್ಪು ಸಿಗುವುದು ಬೆವರುವಷ್ಟು ಸವಾರಿ ಮಾಡಿ ಜೀನು ಇಳಿಸಿದಾಗ. ಈ ದೃಶ್ಯದಲ್ಲಿ ನಾನು ಸವಾರಿ ಮಾಡುವ ಹೆಣ್ಣು ಕುದುರೆಯ ಬೆನ್ನನ್ನು ನೋಡುತ್ತಿದ್ದೀರಿ. ಬೆನ್ನುಮೂಳೆಯ ಮೇಲೆ ಗಲೆಟ್‌ನ ಅಗಲದಷ್ಟು ಒಣಗಿದ ಪಟ್ಟಿ, ಅದರ ಎರಡೂ ಪಕ್ಕದಲ್ಲಿ ಒಂದೇ ಸಮನಾದ ಒದ್ದೆ, ಇರಬೇಕಾದದ್ದು ಹೀಗೆಯೇ. ಒದ್ದೆಯ ನಡುವೆ ಅಂಗೈಯಗಲದ ಒಣ ಜಾಗವೊಂದು ಕಂಡರೆ ಅದಕ್ಕೆ ಎರಡು ಅರ್ಥಗಳಿವೆ. ಅಲ್ಲಿ ಒತ್ತಡ ವಿಪರೀತವಾಗಿ ಬೆವರೇ ಬಂದಿಲ್ಲದಿರಬಹುದು, ಇಲ್ಲವೇ ಜೀನು ಅಲ್ಲಿ ತಾಗದೆ ಮುಂದೆ ಹಿಂದೆ ಮಾತ್ರ ಕೂತಿರಬಹುದು. ಒತ್ತಡವಾದ ಕಡೆ ಕೂದಲು ಚಪ್ಪಟೆಯಾಗಿ ಅಂಟಿಕೊಂಡಿರುತ್ತದೆ, ಬೆರಳಿನಿಂದ ಒತ್ತಿದರೆ ಕುದುರೆ ಬೆನ್ನನ್ನು ತಗ್ಗಿಸುತ್ತದೆ; ತಾಗದೇ ಇದ್ದ ಕಡೆ ಕೂದಲು ಹತ್ತುವ ಮುನ್ನ ಇದ್ದಂತೆಯೇ ಇರುತ್ತದೆ. ಸೊಂಟದ ಬಳಿ ಕೂದಲು ಕೆದರಿ ತುಂಡಾಗಿದ್ದರೆ ಪ್ಯಾಡ್ ಜೀನಿನೊಂದಿಗೆ ಹಿಂದೆ ಮುಂದೆ ಜಾರುತ್ತಿದೆ ಎಂದು ತಿಳಿಯಬೇಕು. ತಣ್ಣನೆಯ ದಿನದ ಚಿಕ್ಕ ಸವಾರಿಯಲ್ಲಿ ಬೆವರು ಪೂರ್ತಿ ಹರಡುವುದಿಲ್ಲವಾದ್ದರಿಂದ ಒಂದೇ ದಿನದ ಗುರುತು ನೋಡಿ ತೀರ್ಮಾನಕ್ಕೆ ಬರಬಾರದು. ತಿಳಿಬಣ್ಣದ ಪ್ಯಾಡ್ ಕೊಳ್ಳಿ ಎಂದು ನಾನು ಹೇಳುವುದೂ ಇದೇ ಕಾರಣಕ್ಕೆ: ಅಡಿಭಾಗದಲ್ಲಿ ಕೊಳೆ ಎಲ್ಲಿ ದಟ್ಟವಾಗಿ ಕೂತಿದೆ, ಎಡಬಲಗಳಲ್ಲಿ ವ್ಯತ್ಯಾಸವಿದೆಯೇ ಎಂಬುದು ಕಪ್ಪು ಬಟ್ಟೆಯಲ್ಲಿ ಕಾಣುವುದೇ ಇಲ್ಲ.

ಎಷ್ಟೇ ಒಳ್ಳೆಯ ಪ್ಯಾಡ್ ಆದರೂ ಕೊಳೆಯಾದರೆ ಕೆಟ್ಟದ್ದೇ. ಬೆವರಿನ ಉಪ್ಪು ಒಣಗಿ ಗರಸಾಗಿ ಚರ್ಮವನ್ನು ಕೆರೆಯುತ್ತದೆ. ಹತ್ತಿಯದನ್ನು ಸೌಮ್ಯವಾದ ಸೋಪಿನಲ್ಲಿ ಒಗೆದು, ಸೋಪಿನ ಅಂಶ ಉಳಿಯದಂತೆ ಚೆನ್ನಾಗಿ ಜಾಲಿಸಬೇಕು. ಬಟ್ಟೆ ಮೃದುವಾಗಿಸುವ ದ್ರಾವಣವನ್ನು ಬಳಸಬಾರದು, ಅದು ಹೀರುವ ಗುಣವನ್ನು ಕುಗ್ಗಿಸುತ್ತದೆ. ಫೆಲ್ಟ್ ಅನ್ನು ಒಣಗಿದ ಮೇಲೆ ಗಟ್ಟಿ ಬ್ರಷ್‌ನಿಂದ ಉಜ್ಜಿ, ಅಗತ್ಯವಿದ್ದಾಗ ತಣ್ಣೀರು ಹಾಯಿಸಿ, ನೆರಳಿನಲ್ಲಿ ಒಣಗಿಸಬೇಕು. ಬಿಸಿನೀರು ತಾಗಿದರೆ ಅದು ಕುಗ್ಗುತ್ತದೆ. ಒಂದು ಕುದುರೆಯ ಪ್ಯಾಡನ್ನು ಇನ್ನೊಂದಕ್ಕೆ ಹಾಕದಿರುವುದು ಬಹಳ ಮುಖ್ಯ, ಏಕೆಂದರೆ ಹುಳಕಡ್ಡಿಯಂಥ ಶಿಲೀಂಧ್ರದ ಸೋಂಕುಗಳು ಹರಡುವುದು ಹೀಗೆ ಹಂಚಿಕೊಂಡ ಸಾಮಗ್ರಿಗಳಿಂದಲೂ ಹೌದು. ಒಗೆದ ಮೇಲೂ ಒಳಗಿನ ತುಂಬು ಗಂಟುಗಂಟಾಗಿ ಕೈಗೆ ಸಿಕ್ಕಿದರೆ, ಅಥವಾ ಜೀನಿನ ಭಾರ ಬೀಳುವ ಜಾಗದಲ್ಲಿ ಫೆಲ್ಟ್ ಸವೆದು ತೆಳುವಾಗಿದ್ದರೆ, ಅದನ್ನು ಮತ್ತೆ ಬೆನ್ನಿಗೆ ಹಾಕಬಾರದು. ಜೀನಿಡುವ ಸ್ಟ್ಯಾಂಡ್ ಮೇಲೆ ಹಾಸಿದರೆ, ಜೀನಿನ ಅಡಿಭಾಗಕ್ಕೆ ಗೀರು ಬೀಳದಂತೆ ಅದು ಇನ್ನೂ ಎಷ್ಟೋ ಕಾಲ ಉಪಯೋಗಕ್ಕೆ ಬರುತ್ತದೆ.