ಒಂದು ‘ಜೆ’ ಕಮ್ಮಿ: ದಾವಣಗೆರೇಲಿ ಹೈಸ್ಕೂಲ್ ಹುಡುಕಾಟ

ಹಾಂ, ರೆಕಾರ್ಡ್ ಆಗ್ತೈತಿ. ಬೆಳಿಗ್ಗೆ ಎಂಟೂವರೆ, ಎಂಸಿಸಿ ಬಿ ಬ್ಲಾಕು, ನಮ್ಮತ್ತೆ ಮನೆ ಗೇಟು. ಮಗಳ ಕೈಯಾಗಿರೋ ಆ ನೀಲಿ ಫೈಲು ನೋಡ್ಕೊಂಡಿರ್ರಿ. ಇವತ್ತಿನ ವಿಡಿಯೋಕ್ಕೆ ಹೀರೋನೂ ಅದೇ, ವಿಲನ್ನೂ ಅದೇ.

ಹೊಸದಾಗಿ ನೋಡ್ತಿರೋರಿಗೆ: ಹನ್ನೊಂದು ವರ್ಷ ದುಬೈಲಿದ್ವಿ. ಮಾರ್ಚ್ ಕೊನೇಲಿ ನಾನೂ ಮಗಳೂ ವಾಪಸ್ ಬಂದ್ವಿ. ಮನೆಯವ್ರು ಇನ್ನೂ ಅಲ್ಲೇ ಅದಾರೆ. ಕಂಪನಿ ಬಿಡ್ಬೇಕು, ಲೆಕ್ಕ ಚುಕ್ತಾ ಆಗ್ಬೇಕು, ಅದೊಂದು ಬೇರೆ ರಾಮಾಯಣ. ಮಗಳು ಏಳನೇ ಕ್ಲಾಸ್ ಮುಗಿಸ್ಕೊಂಡು ಬಂದಾಳೆ. ಇಲ್ಲಿ ಎಂಟು ಅಂದ್ರೆ ಹೈಸ್ಕೂಲು. ಒಮ್ಮೆ ಸೇರಿಸಿದ್ರೆ ಹತ್ತರ ತನಕ ಅಲ್ಲೇ. ತಪ್ಪಾತು ಅಂತ ಒಂಬತ್ತರಲ್ಲಿ ಬದಲಾಯಿಸೋದು ಮಗೀಗೂ ಕಷ್ಟ, ಕಾಗದಪತ್ರಕ್ಕೂ ಕಷ್ಟ.

ನಾನು ಮೊದ್ಲೇ ಹೇಳಿಬಿಡ್ತೀನಿ, ನನ್ನ ತೀರ್ಮಾನ ಆಗೈತಿ: ಸಿಬಿಎಸ್‌ಇ. ಅಂದ್ರೆ ಕೇಂದ್ರದ ಬೋರ್ಡು, ಸ್ಟೇಟ್ ಸಿಲಬಸ್ ಅಲ್ಲ. ಅಲ್ಲೂ ಅದೇ ಓದ್ತಿದ್ಲು, ಇಲ್ಲೂ ಅದೇ. ಮಾತೇ ಇಲ್ಲ. ನಡೀರಿ.

ಪಿಬಿ ರೋಡು. ಮೇ ತಿಂಗಳ ಬಿಸಿಲು. ದುಬೈ ಬಿಸಿಲು ಕಂಡೋಳಿಗೆ ಇದ್ಯಾವ ಲೆಕ್ಕ ಅಂತೀರೇನೋ, ಅಲ್ಲಿ ಬಿಸಿಲು ಕಾರಿನ ಹೊರಗಿರ್ತಿತ್ತು. ಇಲ್ಲಿ ಸ್ಕೂಟಿ ಸೀಟಿನ ಮೇಲೇ ಕೂತಿರ್ತೈತಿ. ಆ ಫ್ಲೆಕ್ಸ್ ನೋಡಿದ್ರಾ? ನಿಲ್ಲಿಸಿ ತೋರಿಸ್ತೀನಿ. ಎಸ್ಸೆಸ್ಸೆಲ್ಸಿ ಮಾರ್ಕ್ಸು, 625ಕ್ಕೆ ಅಷ್ಟು, 625ಕ್ಕೆ ಇಷ್ಟು, ಕನ್ನಡದಲ್ಲಿ 125ಕ್ಕೆ 125. ಮಕ್ಕಳ ಫೋಟೋ, ಹಿಂದೆ ಸೂರ್ಯನ ಕಿರಣ, ದೇವರ ಪಟದ ಹಂಗೆ. ಮಗಳು ಎಣಿಸಿದ್ಲು, ಹದಿನೆಂಟು ಮುಖ. ಪರೀಕ್ಷೆಗೆ ಎಷ್ಟು ಮಕ್ಕಳು ಕೂತಿದ್ರು ಅನ್ನೋದು ಮಾತ್ರ ಅದ್ರಾಗೆ ಎಲ್ಲೂ ಇಲ್ಲ. ದುಬೈಲಿ ಕೆಎಚ್‌ಡಿಎ ಅಂತ ಒಂದು ಸರ್ಕಾರಿ ಸಂಸ್ಥೆ ಐತಿ, ಖಾಸಗಿ ಶಾಲೆಗಳಿಗೆಲ್ಲ ಇನ್‌ಸ್ಪೆಕ್ಷನ್ ಮಾಡಿ ಅತ್ಯುತ್ತಮದಿಂದ ಹಿಡಿದು ದುರ್ಬಲದವರೆಗೆ ದರ್ಜೆ ಕೊಟ್ಟು ಎಲ್ಲರಿಗೂ ಕಾಣೋ ಹಂಗೆ ಹಾಕಿರ್ತಾರೆ. ಇಲ್ಲಿ ದರ್ಜೆ ಕೊಡೋರು ಪಕ್ಕದ್ಮನೆ ಆಂಟಿ. ಆಂಟಿ ಹೇಳಿದ್ದು ಹೆಚ್ಚುಕಮ್ಮಿ ಸರಿಯಾಗೇ ಇರ್ತೈತಿ, ಅದು ಬೇರೆ ಮಾತು.

ಮೊದಲನೇ ಶಾಲೆ. ಹೆಸರು ಹೇಳಲ್ಲ, ಬೋರ್ಡೂ ಬ್ಲರ್ ಮಾಡೀನಿ, ಕಾಮೆಂಟಲ್ಲಿ ಕೇಳ್ಬೇಡ್ರಿ. ಒಳಗೆ ಕ್ಯಾಮೆರಾ ಬಿಡ್ಲಿಲ್ಲ, ಅದಕ್ಕೆ ಈ ಗುಲ್‌ಮೊಹರ್ ಮರ ನೋಡ್ತಾ ಇರ್ರಿ, ನಾನು ಹೇಳ್ತೀನಿ.

ಕೌಂಟರಲ್ಲಿದ್ದ ಮೇಡಮ್ಮು ‘ನಮ್ದು ಸಿಬಿಎಸ್‌ಇ ಪ್ಯಾಟರ್ನ್’ ಅಂದ್ರು. ಪ್ಯಾಟರ್ನ್! ಅಂಗಡೀಲಿ ‘ಇಳಕಲ್ ಪ್ಯಾಟರ್ನ್’ ಸೀರೆ ಅಂದ್ರೆ ಏನರ್ಥ ಅಂತ ನಮ್ಗೆ ಗೊತ್ತಿಲ್ವಾ? ಇಳಕಲ್ ಅಲ್ಲ ಅಂತ ಅರ್ಥ. ಅಫಿಲಿಯೇಶನ್ ನಂಬರ್, ಅಂದ್ರೆ ಬೋರ್ಡು ಶಾಲೆಗೆ ಕೊಟ್ಟ ಮಾನ್ಯತೆ ನಂಬರ್, ಕೊಡ್ರಿ ಅಂದೆ. ‘ಪ್ರೋಸೆಸ್ ನಡೀತೈತಿ’ ಅಂದ್ರು. ನೀವೂ ಕೇಳ್ರಿ, ನಾಚ್ಕೊಳ್ಬೇಡ್ರಿ. ನಂಬರ್ ಇದ್ರೆ ಸಿಬಿಎಸ್‌ಇ ವೆಬ್‌ಸೈಟಲ್ಲಿ ಶಾಲೆ ಸಿಗ್ತೈತಿ. ಯು-ಡೈಸ್ ಕೋಡ್ ಅಂತ 11 ಅಂಕಿ ಇನ್ನೊಂದು ಐತಿ, ಸರ್ಕಾರ ಪ್ರತಿ ಶಾಲೆಗೂ ಕೊಡೋದು, ಅದನ್ನ ಅವ್ರ ವೆಬ್‌ಸೈಟಲ್ಲಿ ಹಾಕಿದ್ರೆ ಟೀಚರ್ ಎಷ್ಟು ಜನ, ಕ್ಲಾಸ್‌ರೂಮ್ ಎಷ್ಟು, ಟಾಯ್ಲೆಟ್ ಎಷ್ಟು, ಎಲ್ಲಾ ಬರ್ತೈತಿ. ಫ್ಲೆಕ್ಸಿಗಿಂತ ವಾಸಿ.

ಅಲ್ಲಿಂದ ಎರಡನೇದು. ಅದು ನಿಜವಾದ ಸಿಬಿಎಸ್‌ಇ, ನಂಬರ್ ಗೋಡೆ ಮೇಲೇ ಬರೆದಿದ್ರು. ಖುಷಿ ಆತು. ಫೈಲ್ ಬಿಚ್ಚಿದೆ. ಖುಷಿ ಅಲ್ಲಿಗೆ ಮುಗೀತು.

ಈಗ ಗಮನ ಇಟ್ಟು ಕೇಳ್ರಿ. ಟೀಸಿ ಪಕ್ಕಾ ಇತ್ತು. ಯುಎಇ ಅಪೋಸ್ಟಿಲ್ ಒಪ್ಪಂದದಲ್ಲಿಲ್ಲ (ಒಂದು ದೇಶದ ಕಾಗದಕ್ಕೆ ಒಂದೇ ಸೀಲು ಬಿದ್ರೆ ಇನ್ನೊಂದು ದೇಶ ಒಪ್ಪೋ ಒಪ್ಪಂದ ಅದು), ಹಂಗಾಗಿ ಒಂದೇ ಸೀಲಿಗೆ ಕೆಲ್ಸ ಮುಗಿಯಲ್ಲ. ಮೊದ್ಲು ಕೆಎಚ್‌ಡಿಎ, ಆಮೇಲೆ ಅಲ್ಲಿನ ವಿದೇಶಾಂಗ ಇಲಾಖೆ, ಆಮೇಲೆ ನಮ್ಮ ಕಾನ್ಸುಲೇಟು. ಬರೋಕೆ ಮುಂಚೆನೇ ಮೂರೂ ಮಾಡಿಸ್ಕೊಂಡಿದ್ದೆ. ಗಲ್ಫಿಂದ ವಾಪಸ್ ಬರೋರು ಯಾರಾದ್ರೂ ನೋಡ್ತಿದ್ರೆ, ವಿಮಾನ ಹತ್ತೋಕೆ ಮುಂಚೆ ಮಾಡಿಸ್ರಿ. ಬಂದ್ಮೇಲೆ ಅಂದ್ರೆ ಅಲ್ಲಿರೋ ಯಾರ್ದಾದ್ರೂ ಕಾಲು ಹಿಡೀಬೇಕು.

ತೊಂದ್ರೆ ಸೀಲಿಂದಲ್ಲ. ಹೆಸರಿಂದು.

ನಮ್ಮ ಮನೆಯವ್ರ ಊರು ಕೊಂಡಜ್ಜಿ. ಹರಿಹರ ತಾಲ್ಲೂಕು, ಕೆರೆ ಐತಲ್ಲ, ಸ್ಕೌಟ್ಸ್ ಕ್ಯಾಂಪ್ ಐತಲ್ಲ, ಅದೇ. ನಮ್ಮ ಕಡೆ ಊರ ಹೆಸರೇ ಮೊದ್ಲು ಬರೋದು. ಕೊಂಡಜ್ಜಿ ಬಸಪ್ಪನವ್ರು, ಶಾಮನೂರು ಶಿವಶಂಕರಪ್ಪನವ್ರು. ಊರು ಮುಂದೆ, ಆಸಾಮಿ ಹಿಂದೆ. ನಮ್ಮಂಥ ಸಣ್ಣವ್ರಿಗೆ ಅದು ಬರೀ ಇನಿಷಿಯಲ್ಲು, ಕೆ. ಅಪ್ಪನ ಹೆಸರಿನ ಎಂ. ಮುಗೀತು. ಆದ್ರೆ ಪಾಸ್‌ಪೋರ್ಟಲ್ಲಿ ಇನಿಷಿಯಲ್ ನಡೆಯಲ್ಲ, ಬಿಡಿಸಿ ಬರೀಬೇಕು. ಬಿಡಿಸಿದ್ವಿ. ‘ಸರ್‌ನೇಮ್’ ಅನ್ನೋ ಖಾನೇಲಿ ಕೊಂಡಜ್ಜಿ ಹೋಗಿ ಕೂತ್ಕೊಂತು. ದುಬೈ ಶಾಲೇಲಿ ಏಳು ವರ್ಷ ನನ್ನ ಮಗಳು ‘ಮಿಸ್ ಕೊಂಡಜ್ಜಿ’. ಫಿಲಿಪಿನೋ ಟೀಚರ್ ಒಬ್ರು ‘ಕಂದಾಜಿ’ ಅಂತಿದ್ರು. ಆಧಾರಲ್ಲಿ ಹೆಸರು ಮುಂದೆ, ಕೆ ಎಂ ಹಿಂದೆ. ಜನನ ಪ್ರಮಾಣಪತ್ರದಲ್ಲಿ ಊರೂ ಇಲ್ಲ, ಅಪ್ಪನೂ ಇಲ್ಲ, ಬರೀ ಅವಳು. ಒಂದೇ ಹುಡುಗಿ, ಮೂರು ಕಾಗದ, ಮೂರು ಜನ.

ಕ್ಲರ್ಕು ಮೂರನ್ನೂ ಸಾಲಾಗಿಟ್ಟು ನನ್ನ ಮುಖ ನೋಡಿದ. ಈಗ ಅಪಾರ್ ಐಡಿ ಅಂತ ಬಂದೈತಿ, ಪ್ರತಿ ವಿದ್ಯಾರ್ಥಿಗೂ 12 ಅಂಕಿ. ಶಾಲೆ ದಾಖಲೇಲಿರೋ ಹೆಸರು ಆಧಾರಿಗೆ ತಾಳೆ ಆಗ್ಬೇಕು. ಇಲ್ದಿದ್ರೆ ಕಂಪ್ಯೂಟರ್ ತಗೊಳಲ್ಲ. ಮತ್ತೆ ಹತ್ತನೇ ಕ್ಲಾಸ್ ಮಾರ್ಕ್ಸ್ ಕಾರ್ಡಲ್ಲಿ ಹೆಂಗೆ ಅಚ್ಚಾತೋ ಜೀವನಪೂರ್ತಿ ಅದೇ ಹೆಸರು, ಅದೇ ಹುಟ್ಟಿದ ತಾರೀಖು. ‘ಈಗ್ಲೇ ಸರಿ ಮಾಡ್ಸಿ ಮೇಡಮ್, ಆಮೇಲೆ ಅಳ್ಬೇಡಿ’ ಅಂದ. ಆ ಹುಡುಗನ ಮೇಲೆ ಸಿಟ್ಟು ಬಂತು. ಈಗ ಎಡಿಟ್ ಮಾಡ್ವಾಗ ಅನ್ನಿಸ್ತೈತಿ, ಅವ್ನು ಹೇಳಿದ್ದೇ ಸರಿ.

ಸರಿ, ಅಫಿಡವಿಟ್. ಕೋರ್ಟ್ ಹತ್ರ ಟೈಪ್ ಮಾಡೋರು. ಈ ಶಾಟ್ ನಂಗಿಷ್ಟ, ಛತ್ರಿ ಕೆಳಗೆ ಲ್ಯಾಪ್‌ಟಾಪು, ಪಕ್ಕದಾಗೆ ಪ್ರಿಂಟರು, ಪ್ರಿಂಟರ್ ಮೇಲೆ ಟೀ ಲೋಟ. ಸ್ಟ್ಯಾಂಪ್ ಪೇಪರು 100 ರೂಪಾಯಿ. ಹಿಂದೆ 20 ಇತ್ತು, ಈಗ 100. ಅದ್ರ ಮೇಲೆ ಟೈಪಿಂಗು, ನೋಟರಿ. ‘ಈ ಮೂರೂ ಹೆಸರು ಒಬ್ಬಳದೇ’ ಅಂತ ಪ್ರಮಾಣ. ಸಹಿ ಹಾಕಿದೆ, ನೋಟರಿ ಸೀಲು ಬಿತ್ತು, ಶಾಲೆಗೆ ವಾಪಸ್ ಬಂದೆ, ಕ್ಲರ್ಕ್ ಕೈಗೆ ಕೊಟ್ಟೆ. ಅವ್ನು ಓದಿದ. ಇನ್ನೊಂದ್ಸಲ ಓದಿದ. ಪೆನ್ ತುದೀಲಿ ತೋರಿಸಿದ.

ಕೊಂಡಜ್ಜಿಲಿ ಒಂದು ‘ಜೆ’ ಇಲ್ಲ.

ಇಂಗ್ಲಿಷಲ್ಲಿ ಎರಡು ಜೆ ಬರ್ಬೇಕು, ಟೈಪ್ ಮಾಡ್ದೋನು ಒಂದೇ ಹೊಡೆದಿದ್ದ. ಹೆಸರು ಸರಿಪಡಿಸೋಕೆ ಅಂತ ಮಾಡಿಸಿದ ಕಾಗದದಲ್ಲಿ ನಾಲ್ಕನೇ ಹೆಸರು! ಸೈಲೆಂಟಾಗಿ ಸ್ಕೂಟಿ ಹತ್ತಿದೆ. ಟೈಪಿಸ್ಟ್ ಅಣ್ಣ ನನ್ನ ನೋಡಿ ‘ಓದಿ ಸಹಿ ಹಾಕ್ಬೇಕಿತ್ತು ಅಕ್ಕ’ ಅಂದ. ನಂದೇ ತಪ್ಪಾತಾ? ಓದಿದ್ದೆ ಕಣ್ರಿ! ಕಣ್ಣು ತಾನೇ ಇನ್ನೊಂದು ಜೆ ಸೇರಿಸ್ಕೊಂಡು ಓದಿತ್ತು. ಮತ್ತೆ 100. ಮತ್ತೆ ನೋಟರಿ, ಅವ್ರು ಊಟಕ್ಕೆ ಹೋಗಿದ್ರು. ನಲವತ್ತು ನಿಮಿಷ ಆ ಬಿಸಿಲಾಗೆ. ಟೈಪಿಸ್ಟ್ ಅಣ್ಣ ಟೈಪಿಂಗ್ ಚಾರ್ಜ್ ಬಿಟ್ಟ, ಟೀ ಕುಡಿಸಿದ. ಟೀ ಚೆನ್ನಾಗಿತ್ತು, ಅದನ್ನೂ ಹೇಳ್ಬೇಕು.

ಬೆಣ್ಣೆ ದೋಸೆ ಬ್ರೇಕ್. ನೋಡ್ರಿ ಆ ಬೆಣ್ಣೆ. ಮಾತಾಡಲ್ಲ ನಾನು.

ಹಾಂ, ಟೆಸ್ಟಿನ ವಿಷ್ಯ. ಹೆಸರಿನ ಗಲಾಟೆ ಮುಗಿದ ಮೇಲೆ ‘ಮಗು ಸಣ್ಣದೊಂದು ಟೆಸ್ಟ್ ಬರೀಲಿ’ ಅಂದ್ರು. ಎಂಟನೇ ಕ್ಲಾಸಿಗೆ! 2009ರ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಎಂಟರ ತನಕ ಅನ್ವಯ ಆಗ್ತೈತಿ. ಅದ್ರ 13ನೇ ಸೆಕ್ಷನ್ ಪ್ರಕಾರ ಮಗೂನೂ ಜರಡಿ ಹಿಡಿಯಂಗಿಲ್ಲ, ಅಪ್ಪ-ಅಮ್ಮನ್ನೂ ಜರಡಿ ಹಿಡಿಯಂಗಿಲ್ಲ. ಮೊದ್ಲ ಸಲ ಸಿಕ್ಕಿಬಿದ್ರೆ 25,000ದವರೆಗೆ ದಂಡ. ಇದೆಲ್ಲ ನಂಗೆ ಗೊತ್ತಿತ್ತು. ಹಿಂದಿನ ರಾತ್ರಿ ಓದ್ಕೊಂಡೇ ಹೋಗಿದ್ದೆ. ಬಾಯಿ ಬಿಟ್ಟೆನಾ? ಇಲ್ಲ. ‘ಬರೀಮ್ಮ, ಸುಮ್ನೆ ಬರಿ’ ಅಂತ ಮಗಳ ಕೈಗೆ ಪೆನ್ ಕೊಟ್ಟೆ. ಸೀಟ್ ಕೇಳೋಕೆ ಹೋದೋರ ಬಾಯಿ ಅಷ್ಟೇ.

ಇಂಗ್ಲಿಷ್ ಬರೆದ್ಲು, ಲೆಕ್ಕ ಬರೆದ್ಲು, ಹಿಂದಿ ಪರವಾಗಿಲ್ಲ. ಕನ್ನಡದ ಹಾಳೆ ಖಾಲಿ ಕೊಟ್ಲು. ಮಾತಾಡ್ತಾಳೆ, ನನಗಿಂತ ಜೋರಾಗಿ. ಬೈಯೋದೂ ಕನ್ನಡದಲ್ಲೇ. ಓದೋಕೆ ಬರಲ್ಲ. ಅಲ್ಲಿ ಅರೇಬಿಕ್ ಕಡ್ಡಾಯ, ಅದನ್ನ ಸರಾಗ ಓದ್ತಾಳೆ. ಇಲ್ಲಿ ಅಂಗಡಿ ಬೋರ್ಡ್ ಓದ್ಬೇಕಂದ್ರೆ ಸಿಗ್ನಲ್ ಎರಡು ಸಲ ಕೆಂಪಾಗ್ಬೇಕು. ತಪ್ಪು ಯಾರದು ಅಂತ ಕೇಳ್ಬೇಡ್ರಿ, ಶುಕ್ರವಾರ ಶುಕ್ರವಾರ ಕಲಿಸ್ತೀನಿ ಅಂತ ಹನ್ನೊಂದು ವರ್ಷ ಅಂದೋಳು ನಾನೇ.

ಸಿಬಿಎಸ್‌ಇಗೆ ಹಾಕಿದ್ರೆ ಕನ್ನಡದ ರಗಳೆ ಇರಲ್ಲ ಅಂತ ನಮ್ಮ ಮನೆಯವ್ರ ಲೆಕ್ಕ. ಆ ಲೆಕ್ಕ ತಪ್ಪು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಐತಿ, ರಾಜ್ಯದಾಗೆ ಯಾವ ಬೋರ್ಡಿನ ಶಾಲೆ ಆಗ್ಲಿ, ಕನ್ನಡ ಮೊದಲನೇ ಭಾಷೆನೋ ಎರಡನೇ ಭಾಷೆನೋ ಆಗಿ ಕಲಿಸ್ಬೇಕು. ಪಕ್ಕದ್ಮನೆ ಆಂಟಿ ಒಂದು ಉಪಾಯ ಹೇಳಿದ್ರು: ‘ಸ್ಟೇಟ್ ಸಿಲಬಸ್ಸಿಗೆ ಹಾಕು, ಸಂಸ್ಕೃತ ಫಸ್ಟ್ ಲ್ಯಾಂಗ್ವೇಜ್ ತಗೊಳ್ಳಿ, 125ಕ್ಕೆ 125 ಬೀಳ್ತಾವೆ.’ ಊರ ಹೆಸರು ಓದೋಕೆ ಬರದ ಹುಡುಗಿಗೆ ಸಂಸ್ಕೃತ! ಛೇ. ಆದ್ರೂ ಒಂದು ನಿಮಿಷ ಯೋಚ್ನೆ ಮಾಡಿದೆ, ಸುಳ್ಳು ಹೇಳಲ್ಲ.

ಪುಸ್ತಕದ ಅಂಗಡಿ. ಇದೊಂದು ಎಲ್ಲರೂ ಮಾಡ್ರಿ. ಸಿಬಿಎಸ್‌ಇಯ ಹತ್ತನೇ ಕ್ಲಾಸ್ ಗಣಿತ, ಸ್ಟೇಟ್‌ದು ಹತ್ತನೇ ಕ್ಲಾಸ್ ಗಣಿತ, ಎರಡನ್ನೂ ಪಕ್ಕಪಕ್ಕ ಬಿಚ್ಚಿದೆ. ಅದೇ ತ್ರಿಭುಜ. ಅದೇ ಲೆಕ್ಕ. ರಾಜ್ಯದವ್ರೂ ಗಣಿತ, ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪುಸ್ತಕಾನೇ, ಅಂದ್ರೆ ಸಿಬಿಎಸ್‌ಇ ಮಕ್ಕಳು ಓದೋ ಕೇಂದ್ರದ ಪುಸ್ತಕಾನೇ, ತಗೊಂಡಾರೆ. ಹಂಗಾದ್ರೆ ಅಷ್ಟೊಂದು ಫೀಸು ಯಾತಕ್ಕೆ? ಫರಕು ಇರೋದು ಭಾಷೇಲಿ, ಸ್ಟೇಟಲ್ಲಿ ಮೂರು ಭಾಷೆನೂ ಎಸ್ಸೆಸ್ಸೆಲ್ಸಿಗೆ ಬರೀಬೇಕು. ಪರೀಕ್ಷೆ ಭಯನೂ ಈಗ ಮೊದ್ಲಿನಂಗಿಲ್ಲ. 2024, 2025ರಲ್ಲಿ ಎಸ್ಸೆಸ್ಸೆಲ್ಸಿ ವರ್ಷಕ್ಕೆ ಮೂರು ಸಲ ಇಟ್ಟಿದ್ರು, ಸಿಬಿಎಸ್‌ಇ ಹತ್ತನೇದು 2026ರಿಂದ ಎರಡು ಸಲ. ನಮ್ಮ ಮಾವನಿಗೆ ಹೇಳಿದ್ರೆ ‘ಪರೀಕ್ಷೆನೋ, ಸಿಟಿ ಬಸ್ಸೋ’ ಅಂದ್ರು.

ಇನ್ನೂ ಒಂದು ಹೇಳ್ಬೇಕು. ಇವತ್ತು ಭೇಟಿಯಾದೋರೆಲ್ಲ ಕೇಳಿದ್ದು ಒಂದೇ, ‘ಪಿಯುಸಿ ಎಲ್ಲಿ? ನೀಟ್ ಬರೆಸ್ತೀರಾ?’ ಹನ್ನೆರಡು ತುಂಬಿದ ಹುಡುಗಿ ಪಕ್ಕದಾಗೆ ನಿಂತಾಳೆ, ಈ ಮೂರು ವರ್ಷ ಅವ್ಳು ಯಾರ ಜೊತೆ ಡಬ್ಬಿ ತಿಂತಾಳೆ ಅಂತ ಒಬ್ರೂ ಕೇಳ್ಲಿಲ್ಲ. ನಾನೂ ಕೇಳಿರ್ಲಿಲ್ಲ.

ಮೂರನೇ ಶಾಲೆ, ನಾಲ್ಕು ಗಂಟೆ. ಲಿಸ್ಟಲ್ಲೇ ಇರ್ಲಿಲ್ಲ, ಪುಸ್ತಕದಂಗಡಿಯವ್ರು ಹೇಳಿದ್ರು ಅಂತ ಹೋದ್ವಿ. ಸ್ಟೇಟ್ ಸಿಲಬಸ್ಸು, ಇಂಗ್ಲಿಷ್ ಮೀಡಿಯಮ್ಮು. ಹಳೇ ಕಟ್ಟಡ. ಟಾಯ್ಲೆಟ್ ನೋಡಿದೆ, ನೀರು ಬರ್ತಿತ್ತು, ಬಾಗಿಲಿಗೆ ಚಿಲಕ ಇತ್ತು. ರಜೆ ಆದ್ರೂ ಕನ್ನಡ ಮೇಷ್ಟ್ರು ಒಬ್ರು ಕೂತಿದ್ರು. ಮಗಳ ಕೈಲಿ ಏನೂ ಬರೆಸ್ಲಿಲ್ಲ. ‘ಮಂಡಕ್ಕಿ ಅಂತ ಓದೋಕೆ ಬರ್ತೈತಾ’ ಅಂತ ಚೀಟಿ ಮೇಲೆ ಬರೆದು ಹಿಡಿದ್ರು. ‘ಮಂ... ಡ... ಕಿ’ ಅಂದ್ಲು. ‘ಒತ್ತಕ್ಷರ ಒಂದೇ ಬಾಕಿ’ ಅಂತ ಬೀರುವಿಂದ ಮೂರನೇ ಕ್ಲಾಸಿನ ಕನ್ನಡ ಪುಸ್ತಕ ತೆಗೆದು ಕೊಟ್ರು. ಶಾಲೆ ಶುರುವಾಗೋದ್ರೊಳಗೆ ಓದ್ಕೊಂಡು ಬಾ, ಇಲ್ಲಿ ಸೇರ್ತೀಯೋ ಬಿಡ್ತೀಯೋ, ಪುಸ್ತಕ ಮಾತ್ರ ವಾಪಸ್ ಕೊಡು ಅಂದ್ರು.

ಮನೆಯವ್ರಿಗೆ ವಿಡಿಯೋ ಕಾಲ್ ಮಾಡಿದೆ. ‘ಹಳೇ ಕಟ್ಟಡ ಅಂತೀಯಾ, ಲ್ಯಾಬ್ ನೋಡಿದ್ಯಾ?’ ಅಂದ್ರು. ಲ್ಯಾಬ್ ಬೀಗ ಹಾಕಿತ್ತು. ಅದು ನಂಗೂ ಮನಸಲ್ಲಿ ಕೊರೀತೈತಿ. ಸೋಮವಾರ ಮತ್ತೆ ಹೋಗಿ ಬೀಗ ತೆಗೆಸಿ ನೋಡ್ತೀನಿ. ಬೆಳಿಗ್ಗೆ ಸಿಬಿಎಸ್‌ಇ ಬಿಟ್ರೆ ಮಾತಿಲ್ಲ ಅಂದೋಳು ನಾನೇ, ಗೊತ್ತೈತಿ, ಕ್ಲಿಪ್ ಮಾಡಿ ಹಾಕ್ಬೇಡ್ರಿ.

ಕುಂದವಾಡ ಕೆರೆ ಏರಿ, ಆರೂವರೆ. ಆ ಕಡೆ ಗಾಜಿನ ಮನೆ. ಮಂಡಕ್ಕಿ, ಮೆಣಸಿನಕಾಯಿ ಬಂತು. ಎರಡು ಶಾಲೆದೂ ಫಾರ್ಮ್ ಅದಾವೆ, ಸಿಬಿಎಸ್‌ಇದು 300 ರೂಪಾಯಿ, ಮೇಷ್ಟ್ರ ಶಾಲೇದು ಬಿಟ್ಟಿ. ಮಗಳು ಬಿಟ್ಟಿ ಫಾರ್ಮೇ ಬಿಚ್ಕೊಂಡು ಕೂತಾಳೆ. ಹೆಸರು ಕನ್ನಡದಾಗೂ ಬರೀಬೇಕಂತೆ, ಖಾನೆ ಐತಿ. ನಾನೇ ಬರೀತೀನಿ ಅಂತಾಳೆ. ಬರಿ. ನಿಧಾನ. ಹಾಂ, ಕ್ಯಾಮೆರಾ ಹತ್ರ ಹಿಡಿ, ಫೋಕಸ್ ಆಗ್ಲಿ.

‘ಕೊಂಡಜಿ.’

ಜ ಒತ್ತು ಎಲ್ಲಮ್ಮ? ಮೇಲೆ ಅಲ್ಲ, ಕೆಳಗೆ! ಅಯ್ಯೋ, ಕೈ ಒರೆಸ್ಕೋ ಮೊದ್ಲು, ಮೆಣಸಿನಕಾಯಿ ಎಣ್ಣೆ ಫಾರ್ಮ್ ಮೇಲೆಲ್ಲ... ಬ್ಯಾಟರಿ ಕೆಂಪಾತು, ಇಡ್ತೀನಿ ಇಡ್ತೀನಿ.