ಮಷೀನ್ ಬಟ್ಟೆ ಹಿಂಡುತ್ತಿಲ್ಲವಾ? ಮೊದಲು ಸದ್ದು ಕೇಳಿ

[ದೃಶ್ಯ: ಹಳೆಯ ಸೆಮಿ ಆಟೋಮ್ಯಾಟಿಕ್ ಮಷೀನ್. ಸ್ಪಿನ್ ಟಬ್‌ನಿಂದ ಟವೆಲ್ ಎತ್ತುತ್ತಿದ್ದಂತೆ ನೀರು ತೊಟ್ಟಿಕ್ಕುತ್ತದೆ]

ನಮಸ್ಕಾರ. ಬಟ್ಟೆ ಒಗೆದಿದೆ, ಹಿಂಡಿಲ್ಲ. ನನ್ನ ಮಷೀನ್ ಒಮ್ಮೆ ಹೀಗೆ ಮಾಡಿತ್ತು. ನೋಡಲು ಬಂದವರು ಮುಚ್ಚಳ ಕೂಡ ಎತ್ತದೆ "ಮೋಟಾರ್ ಹೋಗಿದೆ" ಅಂದುಬಿಟ್ಟರು. ಮೋಟಾರ್ ಚೆನ್ನಾಗಿಯೇ ಇತ್ತು. ತೊಂದರೆ ಕೊಟ್ಟಿದ್ದು ಏನು ಅಂತ ಕೊನೆಗೆ ತೋರಿಸುತ್ತೇನೆ.

ಫುಲ್ ಆಟೋಮ್ಯಾಟಿಕ್ ಆದರೆ ಮೊದಲು ಡ್ರಮ್ ಒಳಗೆ ಇಣುಕಿ. ನೀರು ನಿಂತಿದೆಯಾ? ಹಾಗಾದರೆ ಕೆಟ್ಟಿರುವುದು ಸ್ಪಿನ್ ಅಲ್ಲ, ನೀರು ಹೋಗುವ ದಾರಿ. ನೀರು ಖಾಲಿಯಾಗುವ ತನಕ ಇಂಥ ಮಷೀನ್ ಜೋರಾಗಿ ತಿರುಗಲು ಒಪ್ಪುವುದಿಲ್ಲ. ಹಿಂದಿನ ಪೈಪ್ ಗೋಡೆಗೆ ಒತ್ತಿ ಮಡಚಿಕೊಂಡಿರಬಹುದು. ಫ್ರಂಟ್ ಲೋಡ್ ಆದರೆ ಕೆಳಗಿನ ಮೂಲೆಯ ಫಿಲ್ಟರ್ ಕಟ್ಟಿಕೊಂಡಿರಬಹುದು.

[ಹತ್ತಿರದ ಶಾಟ್: ಫಿಲ್ಟರ್ ಮುಚ್ಚಳ, ಕೆಳಗೆ ಅಗಲ ತಟ್ಟೆ]

ಪ್ಲಗ್ ತೆಗೆಯಿರಿ. ಬಿಸಿನೀರಿನ ವಾಶ್ ಆಗಿದ್ದರೆ ಆರಲು ಬಿಡಿ. ತಟ್ಟೆ ಇಟ್ಟು ಫಿಲ್ಟರನ್ನು ನಿಧಾನಕ್ಕೆ ತಿರುಗಿಸಿ, ಒಂದೇ ಸಲ ಬಿಚ್ಚಿದರೆ ನೆಲವೆಲ್ಲ ನೀರು. ಹೇರ್‌ಪಿನ್, ಗುಂಡಿ, ನೂಲಿನ ಉಂಡೆ, ಚಿಲ್ಲರೆ ಕಾಸು, ಏನು ಬೇಕಾದರೂ ಸಿಗುತ್ತದೆ. ಫಿಲ್ಟರ್ ತೊಳೆದು ಸುಮ್ನೆ ಹಾಕಿಬಿಡಬೇಡಿ. ಆ ತೂತಿಗೆ ಟಾರ್ಚ್ ಬಿಡಿ. ಒಳಗೆ ಪಂಪಿನ ಪುಟ್ಟ ರೆಕ್ಕೆ ಕಾಣುತ್ತದೆ. ಕಡ್ಡಿಯಿಂದ ತಿರುಗಿಸಿ ನೋಡಿ. ಬಹಳಷ್ಟು ಪಂಪ್‌ಗಳಲ್ಲಿ ಅದು ತಡೆದು ತಡೆದು ತಿರುಗುತ್ತದೆ. ಒಳಗೆ ಆಯಸ್ಕಾಂತ ಇರುವುದರಿಂದ ಹಾಗೆ, ಹೆದರಬೇಡಿ. ಅಲ್ಲಾಡುವುದೇ ಇಲ್ಲ ಅಂದರೆ ಏನೋ ಸಿಕ್ಕಿಕೊಂಡಿದೆ.

ನೀರು ಪೂರ್ತಿ ಹೋಗಿದೆ, ಆದರೂ ತಿರುಗುತ್ತಿಲ್ಲವಾ? ಒಂದೇ ಒಂದು ದಪ್ಪ ಕಂಬಳಿ ಹಾಕಿದ್ದೀರಾ ನೋಡಿ. ನೆನೆದ ಭಾರ ಒಂದೇ ಕಡೆ ಕೂತರೆ ಮಷೀನ್ ಎರಡು ಮೂರು ಸಲ ಪ್ರಯತ್ನಿಸಿ ಸುಮ್ಮನಾಗುತ್ತದೆ. ಬಟ್ಟೆ ಬಿಡಿಸಿ ಹರಡಿ ಹಾಕಿದರೆ ಸಾಕು.

ಅದೂ ಅಲ್ಲ ಅಂದರೆ ಸ್ಪಿನ್ ಹಾಕಿ, ಪಕ್ಕದಲ್ಲಿ ನಿಂತು ಕಿವಿ ಕೊಡಿ.

ಸದ್ದೇ ಇಲ್ಲವಾ? ಟಾಪ್ ಲೋಡ್, ಸೆಮಿ ಎರಡರಲ್ಲೂ ನನ್ನ ಮೊದಲ ಅನುಮಾನ ಮುಚ್ಚಳದ ಸ್ವಿಚ್ ಮೇಲೆ. ಮುಚ್ಚಳದ ಅಡಿಯಲ್ಲಿ ಸ್ವಿಚ್ ಒತ್ತುವ ಪ್ಲಾಸ್ಟಿಕ್ ನಾಲಿಗೆ ಇರುತ್ತದೆ. ಹಳೆಯ ಮಷೀನ್‌ಗಳಲ್ಲಿ ಅದು ಮುರಿದಿರುವುದೇ ಜಾಸ್ತಿ. ಆ ಸ್ವಿಚ್ಚನ್ನು ತಂತಿ ಸೇರಿಸಿ ಬೈಪಾಸ್ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಮುಚ್ಚಳ ತೆರೆದರೂ ತಿರುಗುವ ಟಬ್‌ಗೆ ಕೈ ಹಾಕಿದರೆ ಬೆರಳು ಉಳಿಯುವುದಿಲ್ಲ.

ಮೋಟಾರ್ ಓಡುತ್ತಿದೆ, ಡ್ರಮ್ ಮಾತ್ರ ನಿಂತಿದೆಯಾ? ಬೆಲ್ಟ್ ನೋಡಿ. ಸಡಿಲವಾಗಿ ಜೋತುಬಿದ್ದಿರುತ್ತದೆ, ಇಲ್ಲವೇ ಕೆಳಗೆ ಕಪ್ಪು ರಬ್ಬರ್ ಪುಡಿ ಬಿದ್ದಿರುತ್ತದೆ. ಹಳೆಯ ಫ್ರಂಟ್ ಲೋಡ್‌ನಲ್ಲಿ ಮೋಟಾರೇ ಓಡುತ್ತಿಲ್ಲ ಅಂದರೆ, ಅದರೊಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್‌ಗಳು ಸವೆದಿರಬಹುದು. ಬದಲಾಯಿಸುವಾಗ ಎರಡೂ ಬ್ರಷ್‌ಗಳನ್ನು ಒಟ್ಟಿಗೆ ಬದಲಾಯಿಸಿ.

[ಸದ್ದು: "ಗುಂಯ್...". ಸ್ಪಿನ್ ಟಬ್ ನಿಂತೇ ಇದೆ]

ಈ ಸದ್ದು ಕೇಳಿ. ಮೋಟಾರ್‌ಗೆ ಕರೆಂಟ್ ಬರುತ್ತಿದೆ, ತಿರುಗಲು ಆಗುತ್ತಿಲ್ಲ. ತಕ್ಷಣ ಆಫ್ ಮಾಡಿ. ಹೀಗೇ ಬಿಟ್ಟರೆ ಮೋಟಾರ್ ನಿಜಕ್ಕೂ ಸುಟ್ಟುಹೋಗಬಹುದು, ಆಗ "ಮೋಟಾರ್ ಹೋಗಿದೆ" ಅನ್ನುವ ಮಾತು ಸುಳ್ಳಾಗುವುದಿಲ್ಲ!

ಇದಕ್ಕೆ ಸಾಮಾನ್ಯವಾಗಿ ಮೋಟಾರ್ ತಿರುಗಲು ನೆರವಾಗುವ ಕೆಪಾಸಿಟರ್ ಕಾರಣ, ಸೆಮಿ ಮಷೀನ್‌ನಲ್ಲಿ ಬ್ರೇಕ್ ಕೂಡ. ಮುಚ್ಚಳ ಎತ್ತಿದಾಗ ಟಬ್ ಗಕ್ಕನೆ ನಿಲ್ಲುತ್ತದಲ್ವಾ, ಅದು ಬ್ರೇಕ್ ಕೆಲಸ. ಅದರ ಕೇಬಲ್ ಸಡಿಲವಾದರೆ ಮುಚ್ಚಳ ಹಾಕಿದರೂ ಬ್ರೇಕ್ ಬಿಡುವುದಿಲ್ಲ. ಕೇಬಲ್ ಬಿಗಿ ಮಾಡುವುದು ಚಿಕ್ಕ ಕೆಲಸ. ಕೆಪಾಸಿಟರ್ ಹಾಗಲ್ಲ. ಪ್ಲಗ್ ತೆಗೆದ ಮೇಲೂ ಅದರೊಳಗೆ ಕರೆಂಟ್ ಉಳಿದಿರಬಹುದು. ಡಿಸ್ಚಾರ್ಜ್ ಮಾಡಿ ಗೊತ್ತಿಲ್ಲದವರು ಮುಟ್ಟಬೇಡಿ, ಕೆಲಸ ಬಲ್ಲವರಿಗೆ ಬಿಡಿ. ಹೊಸದು ಹಾಕುವಾಗ ಅದರ ಮೇಲೆ ಬರೆದಿರುವ ಮೈಕ್ರೋಫ್ಯಾರಡ್ (µF) ಅಂಕಿ ಹಳೆಯದರಷ್ಟೇ ಇರಬೇಕು, ವೋಲ್ಟೇಜ್ ಕಡಿಮೆ ಇರಬಾರದು.

ನನ್ನದೂ ಇದೇ "ಗುಂಯ್". ಕೇಬಲ್ ಸರಿ ಇತ್ತು. ಕೆಪಾಸಿಟರನ್ನೂ ಪರೀಕ್ಷೆ ಮಾಡಿಸಿದೆ, ಅದೂ ಸರಿ ಇತ್ತು. ಕೊನೆಗೆ ಪ್ಲಗ್ ತೆಗೆದು, ಸ್ಪಿನ್ ಟಬ್‌ಗೂ ಹೊರಗಿನ ಗೋಡೆಗೂ ನಡುವಿನ ಸಂದಿಗೆ ಟಾರ್ಚ್ ಬಿಟ್ಟೆ. ತಳದಲ್ಲಿ ನೀಲಿ ಬಣ್ಣದ್ದೇನೋ ಕಂಡಿತು. ತಂತಿಯ ತುದಿ ಬಗ್ಗಿಸಿ, ಕೊಕ್ಕೆ ಮಾಡಿ, ಅರ್ಧ ಗಂಟೆ ಮೀನು ಹಿಡಿದ ಹಾಗೆ ಎಳೆದೆ.

[ಶಾಟ್: ಕೊಕ್ಕೆಯಲ್ಲಿ ಮಗುವಿನ ಕಾಲುಚೀಲ]

ತುಂಬಿದ ಟಬ್‌ನ ಮೇಲಿಂದ ಹಾರಿ ಬಿದ್ದು, ಟಬ್‌ನ ಬುಡಕ್ಕೆ ಸುತ್ತಿಕೊಂಡಿತ್ತು. ಆಮೇಲಿಂದ ಬಟ್ಟೆ ಹಾಕಿದ ಮೇಲೆ ಸ್ಪಿನ್‌ನ ಒಳಮುಚ್ಚಳ ಒತ್ತುವುದನ್ನು ಮರೆತಿಲ್ಲ. ಅದು ಇರುವುದೇ ಇದಕ್ಕೆ.

[ಶಾಟ್: ಸ್ಪಿನ್ ಟಬ್ ರೊಯ್ಯನೆ ತಿರುಗುತ್ತದೆ. ದಾರದ ಮೇಲೆ ಒಂಟಿ ನೀಲಿ ಕಾಲುಚೀಲ]

ಇದರ ಜೊತೆಯದು ಇನ್ನೂ ಸಿಕ್ಕಿಲ್ಲ.