ಉಪ್ಪು ಕಮ್ಮಿ ಮಾಡಿ, ಬಿಡಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮಂಜೇಶ್ವರದಿಂದ ಕಾಸರಗೋಡಿನವರೆಗೆ ಎಲ್ಲಿ ಹೋದರೂ ಈಗ ಸೆಕೆಯದ್ದೇ ಮಾತು. ತೋಟಕ್ಕೆ ಹೋಗಿ ಬಂದವರ ಅಂಗಿ ಹಿಂಡಿದರೆ ನೀರು ಇಳಿಯುತ್ತದೆ. ಅದೇ ಅಂಗಿ ಒಣಗಿದ ಮೇಲೆ ಬೆನ್ನಿನ ಜಾಗದಲ್ಲಿ ಬಿಳಿ ಗೆರೆ ಕಾಣುತ್ತದೆ, ನೋಡಿದ್ದೀರಾ? ಅದು ಉಪ್ಪು. ನಿಮ್ಮ ಮೈಯಿಂದಲೇ ಹೊರಗೆ ಹೋದದ್ದು. ಇವತ್ತು ನನ್ನ ಮಾತು ಆ ಬಿಳಿ ಗೆರೆಯ ಬಗ್ಗೆ.

ಉಪ್ಪು ಕಮ್ಮಿ ಮಾಡಿ ಅಂತ ಬಂದ ರೋಗಿಗಳಿಗೆಲ್ಲ ಹೇಳುವವಳು ನಾನೇ. ಈಗಲೂ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ. ಅಂದರೆ ಚಹಾ ಚಮಚದಲ್ಲಿ ಸಪಾಟಾಗಿ ಒಂದು ಚಮಚ. ಅದರಲ್ಲಿ ಸೋಡಿಯಂ ಇರುವುದು ಸುಮಾರು 2 ಗ್ರಾಂ. ನಾಲ್ಕು ಜನರ ಮನೆಗೆ ಒಂದು ಕಿಲೋ ಪ್ಯಾಕೆಟು 50 ದಿನ ಬರಬೇಕು. ನಿಮ್ಮಲ್ಲಿ ಎಷ್ಟು ದಿನ ಬರುತ್ತದೆ, ಒಮ್ಮೆ ನೋಡಿ. ಹೆಚ್ಚಿನ ಮನೆಗಳಲ್ಲಿ ಅದಕ್ಕಿಂತ ಬೇಗ ಮುಗಿಯುತ್ತದೆ. ಬಿ.ಪಿ. ಏರುವುದಕ್ಕೆ ಅದೂ ಒಂದು ಕಾರಣ. ಆದ್ದರಿಂದ ಕಮ್ಮಿ ಮಾಡಿ.

ಆದರೆ ಬಿಡಬೇಡಿ. ಕಮ್ಮಿ ಮಾಡುವುದು ಬೇರೆ, ಬಿಡುವುದು ಬೇರೆ. ಇದೊಂದು ನಿಮ್ಮ ತಲೆಯಲ್ಲಿ ಉಳಿದರೆ ನಾನು ಇಲ್ಲಿಯವರೆಗೆ ಬಂದದ್ದು ಸಾರ್ಥಕ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನನಗೆ ಒಬ್ಬರು ಮಾಷ್ಟ್ರು ನೆನಪಾಗುತ್ತಾರೆ. ಬದಿಯಡ್ಕದಿಂದ ಸ್ವಲ್ಪ ಒಳಗೆ ಅವರ ಮನೆ. ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, 74 ವರ್ಷ. ಬಹಳ ಶಿಸ್ತು. ಬಿ.ಪಿ.ಗೆ ದಿನಾ ಒಂದು ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಮೂತ್ರ ಜಾಸ್ತಿ ಹೋಗುವ ಹಾಗೆ ಮಾಡುವ ಮಾತ್ರೆ ಅದು. ನೀರಿನ ಜೊತೆ ಉಪ್ಪನ್ನೂ ಹೊರಗೆ ಹಾಕುತ್ತದೆ. ಅದು ಒಳ್ಳೆಯ ಮಾತ್ರೆಯೇ, ಅದರ ಮೇಲೆ ನನ್ನ ದೂರಿಲ್ಲ.

ಒಂದು ದಿನ ಯಾರೋ ಮೊಬೈಲಿನಲ್ಲಿ ವೀಡಿಯೋ ತೋರಿಸಿದರಂತೆ. ಉಪ್ಪು ಬಿಳಿ ವಿಷ ಅಂತ. ಮಾಷ್ಟ್ರು ಅವತ್ತೇ ಮಿಡಿ ಉಪ್ಪಿನಕಾಯಿ ಬಿಟ್ಟರು. ಹಪ್ಪಳ ಬಿಟ್ಟರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೇ ಶಾಭಾಸ್ ಅನ್ನುತ್ತಿದ್ದೆ. ಮರುವಾರ ಮಜ್ಜಿಗೆಗೆ ಉಪ್ಪಿಲ್ಲ. ಅದರ ಮರುವಾರ ಪಲ್ಯಕ್ಕೆ ಇಲ್ಲ, ಗಂಜಿಗೂ ಇಲ್ಲ. ಬೆಳಿಗ್ಗೆ ಮುಳ್ಳುಸೌತೆ, ಬಾಳೆಹಣ್ಣು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬೇಯಿಸಿದ ತರಕಾರಿ. ಎರಡು ಲೀಟರಿನ ಬಾಟಲಿ ದಿನಕ್ಕೆ ಎರಡು ಸಲ ತುಂಬಿಸಿ ಕುಡಿಯುತ್ತಿದ್ದರು. ಏಪ್ರಿಲ್ ತಿಂಗಳು. ಬೆವರು ಧಾರಾಕಾರ.

ಕೇಳಿದರೆ ಎಲ್ಲವೂ ಒಳ್ಳೆಯ ಆಹಾರ ಅನ್ನಿಸುತ್ತದೆ, ಅಲ್ವಾ? ಹೌದು, ಒಳ್ಳೆಯದೇ. ಆದರೆ ಅಕ್ಕಿಯಲ್ಲಿ ಸೋಡಿಯಂ ಇಲ್ಲವೆನ್ನುವಷ್ಟು ಕಮ್ಮಿ. ಬಾಳೆಹಣ್ಣಿನಲ್ಲೂ ಅಷ್ಟೇ. ಹಾಲು, ಮೊಟ್ಟೆ, ಮೀನು, ಸೊಪ್ಪಿನಲ್ಲಿ ಸ್ವಲ್ಪ ಇದೆ, ಅದೂ ಮಿಲಿಗ್ರಾಂಗಳ ಲೆಕ್ಕ. ಮನೆ ಊಟದಲ್ಲಿ ನಮಗೆ ಸೋಡಿಯಂ ಬರುವುದು ನಾವು ಹಾಕುವ ಉಪ್ಪಿನಿಂದಲೇ. ಅದನ್ನು ಪೂರಾ ನಿಲ್ಲಿಸಿದರೆ ಬರುವ ದಾರಿ ಮುಚ್ಚಿತು. ಹೋಗುವ ದಾರಿ ಮಾತ್ರ ತೆರೆದೇ ಇತ್ತು. ಬೆವರಿನಲ್ಲಿ ಹೋಯಿತು, ಮಾತ್ರೆಯಿಂದ ಮೂತ್ರದಲ್ಲಿ ಹೋಯಿತು.

ಮೊದಲು ತಲೆನೋವು ಬಂತು. ಆಮೇಲೆ ಊಟ ಸೇರಲಿಲ್ಲ, ಹೊಟ್ಟೆ ತೊಳೆಸಿದ ಹಾಗೆ. ಸೆಕೆಗೆ ಹಾಗಾಗುತ್ತದೆ ಅಂತ ಮನೆಯವರು ಇನ್ನೂ ನೀರು ಕೊಟ್ಟರು. ಒಂದು ದಿನ ಬೆಳಗಿನ ಜಾವ ಎದ್ದು ಹಾಜರಿ ಪುಸ್ತಕ ಹುಡುಕುತ್ತಿದ್ದರಂತೆ. ಹೆಂಡತಿಯನ್ನು ನೋಡಿ, ತೀರಿಹೋದ ತನ್ನ ಅಕ್ಕನ ಹೆಸರು ಹಿಡಿದು ಕರೆದರು. ಮಗ ಹೆದರಿ ನನ್ನಲ್ಲಿಗೆ ಕರೆತಂದ. "ಡಾಕ್ಟ್ರೇ, ಅಪ್ಪನಿಗೆ ಅರಳು ಮರಳು ಶುರುವಾಯಿತು" ಅಂದ.

ನಾನು ಅವರ ಹೆಂಡತಿಯನ್ನು ಕೇಳಿದೆ, "ಅಕ್ಕ, ಇವರಿಗೆ ಅಡಿಗೆಗೆ ಉಪ್ಪು ಎಷ್ಟು ಹಾಕ್ತೀರಿ?"

"ಇವರು ಉಪ್ಪು ಮುಟ್ಟದೆ ಒಂದು ತಿಂಗಳಾಯಿತು. ನಮಗೆ ಬೇರೆ ಪಾತ್ರೆಯಲ್ಲಿ ಮಾಡುತ್ತೇನೆ" ಅಂದರು.

ರಕ್ತ ಪರೀಕ್ಷೆ ಮಾಡಿಸಿದೆ. ರಕ್ತದಲ್ಲಿ ಸೋಡಿಯಂ 135ರಿಂದ 145 ಇರಬೇಕು. ಮಾಷ್ಟ್ರದ್ದು 116.

ಅಷ್ಟು ಇಳಿದರೆ ಏನಾಗುತ್ತದೆ ಅಂತ ನಿಮಗೆ ಗೊತ್ತಾಗಬೇಕಾದರೆ ಉಪ್ಪಿನಕಾಯಿ ಭರಣಿ ನೆನೆಸಿಕೊಳ್ಳಿ. ಮಾವಿನ ಮಿಡಿಗೆ ಉಪ್ಪು ಹಾಕಿ ಇಟ್ಟರೆ ನಾಲ್ಕೈದು ದಿನದಲ್ಲಿ ಮಿಡಿ ಚಿರುಟುತ್ತದೆ, ಭರಣಿಯಲ್ಲಿ ನೀರು ಬಿಟ್ಟಿರುತ್ತದೆ. ಮಿಡಿಯೊಳಗಿನ ನೀರು ಅದು. ಉಪ್ಪು ಜಾಸ್ತಿ ಇರುವ ಕಡೆಗೆ ನೀರು ಹೋಗುತ್ತದೆ. ನಮ್ಮ ಮೈಯಲ್ಲೂ ಇದೇ ಕತೆ. ರಕ್ತದಲ್ಲಿ ಉಪ್ಪು ಸಾಕಷ್ಟಿದ್ದರೆ ನೀರು ಅಲ್ಲಿ ನಿಲ್ಲುತ್ತದೆ. ಅಲ್ಲಿ ಕಮ್ಮಿಯಾದರೆ ನೀರು ಜೀವಕೋಶಗಳ ಒಳಗೆ ನುಗ್ಗುತ್ತದೆ, ಕೋಶ ಊದುತ್ತದೆ. ಕೈಕಾಲಿನಲ್ಲಾದರೆ ಊದುವುದಕ್ಕೆ ಜಾಗ ಇದೆ. ಮೆದುಳಿಗೆ ಎಲ್ಲಿದೆ ಜಾಗ? ಸುತ್ತ ತಲೆಬುರುಡೆ. ಅದಕ್ಕೇ ತಲೆನೋವು, ವಾಂತಿ, ಮಾತು ತಪ್ಪುವುದು. ಇನ್ನೂ ಇಳಿದರೆ ಅಪಸ್ಮಾರ ಬರುತ್ತದೆ, ಪ್ರಾಣಕ್ಕೇ ಕುತ್ತು.

ಮಾಷ್ಟ್ರನ್ನು ಆಸ್ಪತ್ರೆಗೆ ಸೇರಿಸಿದೆವು. ಮಾತ್ರೆ ಬದಲಾಯಿತು, ನೀರಿಗೆ ಮಿತಿ ಹಾಕಿದೆವು, ಉಪ್ಪು ನಿಧಾನವಾಗಿ ಕೊಟ್ಟೆವು. ಇದರಲ್ಲಿ ಅವಸರ ಮಾಡುವ ಹಾಗಿಲ್ಲ. ದಿನಕ್ಕೆ ಏಳೆಂಟು ಅಂಕಕ್ಕಿಂತ ಜಾಸ್ತಿ ಏರಿಸಿದರೆ ಮೆದುಳಿಗೇ ಪೆಟ್ಟು ಬೀಳಬಹುದು. ನಾಲ್ಕನೆಯ ದಿನ ನಾನು ನೋಡಲು ಹೋದಾಗ ಮಾಷ್ಟ್ರು ಎದುರಿನ ಗೋಡೆಯ ಬೋರ್ಡು ನೋಡುತ್ತಿದ್ದರು. ಅದರಲ್ಲಿ 'ಔಷದ' ಅಂತ ಬರೆದಿತ್ತು. "ಅಲ್ಲಿ ಮಹಾಪ್ರಾಣ ಬರಬೇಕು" ಅಂದರು. ಅವರ ಹೆಂಡತಿ ಅಲ್ಲೇ ಅತ್ತುಬಿಟ್ಟರು.

ಆ ಮನೆಯಲ್ಲಿ ಎಲ್ಲರೂ ವಯಸ್ಸಾಯಿತು ಅಂದುಕೊಂಡಿದ್ದರು. ಕಮ್ಮಿಯಾದದ್ದು ಉಪ್ಪು. ಆದ್ದರಿಂದ ಮನೆಯ ಹಿರಿಯರು ಹತ್ತು ದಿನದ ಒಳಗೆ ಬದಲಾದರೆ, ಇದ್ದಕ್ಕಿದ್ದ ಹಾಗೆ ಮಾತು ತಪ್ಪಿದರೆ, ಅರಳು ಮರಳು ಅಂತ ಸುಮ್ನೆ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸೋಡಿಯಂ ಪರೀಕ್ಷೆ ಮಾಡಿಸಿ.

ಮಾಷ್ಟ್ರ ಕತೆಯಲ್ಲೇ ಸಮಯ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಉಪ್ಪು ತಿಂದವ ನೀರು ಕುಡಿಯಲೇಬೇಕು ಅಂತ ಗಾದೆ ಇದೆ. ಬೆವರು ಸುರಿಸಿ ನೀರು ಕುಡಿದವನೂ ಉಪ್ಪು ತಿನ್ನಬೇಕು. ಅಡಿಕೆ ಕೊಯ್ಯುವವರು, ಕಟ್ಟಡ ಕೆಲಸದವರು ಬರೇ ನೀರು ಕುಡಿದು ಸಂಜೆಗೆ ಮೀನಖಂಡ ಹಿಡಿದುಕೊಂಡಿತು ಅಂತ ಬರುತ್ತಾರೆ. ನಮ್ಮ ಅಜ್ಜಿಯಂದಿರು ಕೆಲಸದವರಿಗೆ ಗಂಜಿ ತೆಳಿಗೆ ಉಪ್ಪು ಹಾಕಿ ಕೊಡುತ್ತಿದ್ದರು. ಅದನ್ನೇ ಕೊಡಿ. ಇಲ್ಲದಿದ್ದರೆ ಉಪ್ಪು ಹಾಕಿದ ನೀರು ಮಜ್ಜಿಗೆ. ಬೆಲ್ಲ ನೀರು ದಣಿವಿಗೆ ಒಳ್ಳೆಯದು, ಉಪ್ಪಿನ ಜಾಗಕ್ಕೆ ಆಗದು. ಎಳನೀರು ಕೂಡ ಹಾಗೆಯೇ. ಅದರಲ್ಲಿ ಪೊಟಾಸಿಯಂ ಜಾಸ್ತಿ, ಸೋಡಿಯಂ ಕಮ್ಮಿ.

ಕಮ್ಮಿ ಮಾಡುವುದು ಎಲ್ಲಿ ಅಂತ ಕೇಳುತ್ತೀರಿ. ಚಿಪ್ಸ್, ಬೇಕರಿ ತಿಂಡಿ, ಒಣಮೀನು, ಉಪ್ಪಿನಕಾಯಿ, ಹಪ್ಪಳ. ಅಲ್ಲಿ ಕಮ್ಮಿ ಮಾಡಿ. ಸಾಂಬಾರಿಗೆ, ಗಂಜಿಗೆ ಹದವಾಗಿ ಹಾಕಿ. ಅಯೋಡಿನ್ ಸೇರಿಸಿದ ಉಪ್ಪೇ ಇರಲಿ, ಡಬ್ಬಿಯ ಮುಚ್ಚಳ ಹಾಕಿಡಿ. ಹೃದಯದ, ಕಿಡ್ನಿಯ ತೊಂದರೆ ಇರುವವರು ನಿಮ್ಮ ಡಾಕ್ಟರು ಹೇಳಿದ ಅಳತೆಯನ್ನೇ ಹಿಡಿಯಿರಿ, ನನ್ನ ಮಾತು ಕೇಳಿ ಏರಿಸಬೇಡಿ. ಆದರೆ ಅವರು ಹೇಳಿದ್ದಕ್ಕಿಂತ ಕೆಳಗೆ ನೀವಾಗಿಯೇ ಇಳಿಸುವುದೂ ಬೇಡ.

ಕೊನೆಗೆ ವಾಂತಿ ಭೇದಿ. 1971ರಲ್ಲಿ ಬಂಗಾಳದ ಗಡಿಯ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು. ನರಕ್ಕೆ ಕೊಡುವ ಸಲೈನ್ ಮುಗಿದುಹೋಗಿತ್ತು. ಡಾಕ್ಟರ್ ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾ ನೀರಿಗೆ ಬೆರೆಸಿ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಸಕ್ಕರೆ ಜೊತೆಗಿದ್ದರೆ ಕರುಳು ಉಪ್ಪನ್ನು ಬೇಗ ಎಳೆದುಕೊಳ್ಳುತ್ತದೆ, ಅದರ ಹಿಂದೆಯೇ ನೀರೂ ಹೋಗುತ್ತದೆ. ಇಂಥದ್ದೇ ಉಪ್ಪು, ಗ್ಲೂಕೋಸಿನ ಪುಡಿ ಓ.ಆರ್.ಎಸ್. ಅದರ ಪ್ಯಾಕೆಟು ಮನೆಯಲ್ಲಿ ಇಟ್ಟುಕೊಳ್ಳಿ. ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚ ಸಪಾಟಾಗಿರಲಿ, ರಾಶಿ ಬೇಡ. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ. ಒಂದು ಲೀಟರ್ ನೀರು, ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ನಮಸ್ಕಾರ.